ಗುರುಬಾಯಿ ಇಟ್ಟ ಹೆಸರು

ಅಥಣಿ ರಸ್ತೆಯ ನಮ್ಮ ಶಾಲೆಯಲ್ಲಿ ಕ್ರಿಸ್‌ಮಸ್ ನಾಟಕ ಮಾಡಿಸುವ ಪೀಡೆ ಪ್ರತಿ ವರ್ಷ ನನಗೇ ಗಂಟು ಬೀಳುತ್ತದೆ. ವೇಷ ಹೊಲಿಯುವವಳು ಆಯಾ ಗುರುಬಾಯಿ. ಹಳೆ ಪರದೆಯಲ್ಲಿ ದೇವದೂತರ ಅಂಗಿ, ಗಂಡನ ಕಂಬಳಿಯಲ್ಲಿ ಕುರುಬರ ವೇಷ, ಎಲ್ಲ ಅವಳದೇ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಮದುವೆಯಾಗಿ ಇಪ್ಪತ್ತು ವರ್ಷ, ಮಕ್ಕಳಿಲ್ಲ. ಅದಕ್ಕವಳು ಅತ್ತದ್ದನ್ನು ನಾನು ಕಂಡಿಲ್ಲ. ಅವಳ ಸಂಕಟ ಬೇರೆ. ಮಮದಾಪುರದ ತಮ್ಮ ಸಿದ್ದರಾಯನಿಗೆ ಮೂರು ಮಕ್ಕಳು. ಹೆಸರಿಡುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳಿದ ಕೂಡಲೇ ಉಳಿದವರು ಅವಳ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ. ಬಂಜೆಯ ಕೈ ತೊಟ್ಟಿಲಿಗೆ ತಾಗಬಾರದೆಂದು ಮೂರು ಸಲವೂ ಇವಳನ್ನು ಒಲೆಯ ಮುಂದೆ ಕೂಡಿಸಿ, ದೂರದ ಸಂಬಂಧಿಯೊಬ್ಬಳನ್ನು ಕರೆದರು. "ಒಮ್ಮೆರ ಗುದ್ದಿಸ್ಕೋಬೇಕ್ರಿ ಟೀಚರ," ಅನ್ನುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತ. ಅಂಥ ಮನೆಗೆ ಹೋಗುವುದಾದರೂ ಯಾಕೆ ಎಂದು ನಾನು ಕೇಳಿದರೆ ಹಲ್ಲಿನಿಂದ ದಾರ ಕಡಿದು ಮುಂದಿನ ಅಂಗಿ ಎತ್ತಿಕೊಳ್ಳುತ್ತಿದ್ದಳು.

ಈ ವರ್ಷ ಬಾಲಯೇಸುವನ್ನು ಮಲಗಿಸಲು ಹುಲ್ಲಿನ ಗೋದಲಿ ಮಾಡು ಎಂದಿದ್ದೆ. ನಾಟಕದ ಹೊತ್ತಿಗೆ ನೋಡಿದರೆ ವೇದಿಕೆಯ ನಡುವೆ ಸೀರೆಯ ತೊಟ್ಟಿಲು ಕಟ್ಟಿಟ್ಟಿದ್ದಾಳೆ! ಕೂಸನ್ನು ದನ ಮೇಯುವಲ್ಲಿ ಹಾಕುವುದು ತನ್ನ ಕೈಯಿಂದ ಆಗದು ಎಂದಳು. ಪಾಲಕರು ಆಗಲೇ ಬಂದು ಕುಳಿತಿದ್ದರು, ಬಿಚ್ಚಿಸಲು ಹೊತ್ತಿರಲಿಲ್ಲ.

ತೊಟ್ಟಿಲು ಕಂಡದ್ದೇ ತಡ, ಮಕ್ಕಳಿಗೆ ನಾನು ತಿಂಗಳಿಡೀ ಕಲಿಸಿದ ಹಾಡು ಮರೆತೇ ಹೋಯಿತು. ದೇವದೂತರು ಜೋಗುಳ ಎತ್ತಿದರು. ಮರಿಯಳ ಪಾತ್ರ ಒಂದನೇ ಇಯತ್ತೆಯ ಗೌತಮಿಯದು. ಅವಳ ತಮ್ಮನಿಗೆ ಹೋದ ವಾರವಷ್ಟೇ ಹೆಸರಿಟ್ಟಿದ್ದರು. ಗೊಂಬೆಯನ್ನು ತೊಟ್ಟಿಲಿಗೆ ಹಾಕಿ ಸುತ್ತ ಹುಡುಕಿದಳು. "ಅತ್ತಿ ಎಲ್ಲ್ಯಾಳ? ಹೆಸರ ಯಾರ ಇಡ್ತಾರ?" ಎಂದವಳೇ ಪರದೆಯ ಹಿಂದೆ ನಿಂತಿದ್ದ ಗುರುಬಾಯಿಯ ಸೆರಗು ಹಿಡಿದು ಎಳೆತಂದಳು.

ಸಭೆ ನಕ್ಕಿತು. ಗುರುಬಾಯಿ ನಗಲಿಲ್ಲ, ನನ್ನತ್ತ ನೋಡಿದಳು. ಆಗಲಿ ಎಂದು ತಲೆಯಾಡಿಸಿದೆ. ಬಾಗಿ ಗೊಂಬೆಯ ಕಿವಿಯಲ್ಲಿ ಏನೋ ಹೇಳಿದಳು. ಕುರುಬರು, ರಾಜರು, ದೇವದೂತರು ಎಲ್ಲ ಮುಗಿಬಿದ್ದು ಅವಳ ಬೆನ್ನಿಗೆ ಗುದ್ದಿದರು. ಎದ್ದಾಗ ಅವಳ ಕೆನ್ನೆ ತೊಯ್ದಿತ್ತು.

ಆಮೇಲೆ ವೇಷ ಮಡಚುವಾಗ, ಯೇಸು ಎಂದೇ ಹೆಸರು ಹೇಳಿದೆಯಾ ಎಂದು ಕೇಳಿದೆ.

"ಇಲ್ರಿ," ಅಂದಳು. "ಮೂರ ಸಲ ಮಮದಾಪುರಕ್ಕ ಒಯ್ದು ಹೊಳ್ಳಿ ತಂದ ಹೆಸರ ಇತ್ತಲ್ರಿ, ಅದನ್ನ ಹೇಳಿದೆ."