ಬೂದು ಬಣ್ಣದ ಬೇವು

ನಿನ್ನೆ ಕಿಟಕಿಗೆ ಬಣ್ಣ ಹಚ್ಚಲು ಬಂದ ಪೇಂಟರ್ ಸೀಮೆಎಣ್ಣೆಯಲ್ಲಿ ಬ್ರಶ್ ತೊಳೆಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯಲ್ಲಿದ್ದ, ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದ ಡ್ರಾಯಿಂಗ್ ಅಕ್ಕೋರು ನೆನಪಾದರು. ಶಹಾಬಾದಿನ ಈ ಓಣಿಯಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಅವರ ಅಂಗಳದಲ್ಲಿ ಸದಾ ಇದೇ ವಾಸನೆ...

ಅಕ್ಕೋರು ಹಲಗೆಯ ಮೇಲೆ ಚಿತ್ರ ಕೆತ್ತಿ, ಬಣ್ಣ ಸವರಿ, ಕಾಗದ ಹಾಸಿ, ನನ್ನ ಹಿತ್ತಾಳೆ ಸೌಟಿನ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಸೌಟಿನ ಗತಿ ಮಾತ್ರ ಕೇಳಬೇಡಿ! ಒಂದು ವರ್ಷ ಓಣಿಯ ಬೇವಿನ ಗಿಡ ಕೆತ್ತಿದ್ದರು, ಅದರ ಕೆಳಗೆ ಕಲ್ಲು ಹೊತ್ತ ಹೆಂಗಸು. ಅವಳ ಸೀರೆ ಕೆಂಪು. ಎಲೆಗಳು ಬೂದು.

"ಅಯ್ಯ, ಬೇವು ಹಸರ ಇರ್ತದಂತ ಕೂಸಿಗೂ ಗೊತ್ತದಲ್ರಿ!" ಎಂದು ನಕ್ಕೆ.

ಅವರು ಹೊರಗೆ ಹೋಗಿ ಒಂದು ಟೊಂಗೆ ಮುರಿದು ತಂದು ಚಿತ್ರದ ಪಕ್ಕ ಇಟ್ಟರು. ಕಲ್ಲಿನ ಖಣಿಯ ದೂಳು ಕೂತು ಎಲೆಯೆಲ್ಲ ಬೂದು ಬಣ್ಣವಾಗಿತ್ತು.

"ನೋಡ್ರಿ ವೈನಿ. ಹಸರ ಹಚ್ಚಿದ್ರ ಈಕಿ ತೋಟಕ್ಕ ಹೊಂಟಂಗ ಕಾಣ್ತಾಳ. ಈಕಿ ನಿಂತಿದ್ದು ದೂಳಾಗ."

ದಿನಾ ಆ ಗಿಡದ ಕೆಳಗೇ ಓಡಾಡುತ್ತಿದ್ದ ನನಗೆ ಅಲ್ಲಿಯವರೆಗೆ ಅದು ಕಂಡೇ ಇರಲಿಲ್ಲ.

ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಆ ಚಿತ್ರ ತೂಗುಹಾಕಿದ್ದರು. ಶಾಲಾ ಕಮಿಟಿಯ ಅಧ್ಯಕ್ಷರದು ಸ್ವಂತ ಖಣಿ. ಚಿತ್ರ ನೋಡಿದ್ದೇ ಮುಖ ಗಂಟು ಹಾಕಿಕೊಂಡರು.

"ಎಲಿ ಹಸರ ಮಾಡಿ ಇನ್ನೊಂದು ತಗೀರಿ ಅಕ್ಕೋರೇ. ನಿಮ್ಮ ನೌಕರಿ ಇನ್ನಾ ಕಾಯಂ ಆಗಿಲ್ಲ, ನೆನಪಿರ್ಲಿ."

 ಮುದಿ ತಾಯಿಯನ್ನು ಅವರು ಸಾಕುತ್ತಿದ್ದುದು ಅದೊಂದೇ ಪಗಾರದಲ್ಲಿ. ಹೂಂ ಅಂದುಬಿಡಲಿ ಎಂದು ದೇವರನ್ನು ಬೇಡಿಕೊಂಡೆ. ಅಕ್ಕೋರು ಸೆರಗು ಸರಿಮಾಡಿಕೊಂಡರು.

"ಮೊದಲ ಗಿಡಾ ತೊಳಸ್ರಿ ಸಾಹೇಬ್ರ. ಮರುದಿನಾನೇ ಹಸರ ಹಚ್ತೀನಿ."

ಇಡೀ ಸಭೆಯಲ್ಲಿ ನಾನೊಬ್ಬಳೇ ಚಪ್ಪಾಳೆ ಹೊಡೆದೆ. ನಮ್ಮ ಯಜಮಾನರು ಕಣ್ಣು ಕೆಕ್ಕರಿಸಿದರು, ಇನ್ನಷ್ಟು ಜೋರಾಗಿ ಹೊಡೆದೆ.

ರಜೆ ಮುಗಿದ ಮೇಲೆ ಅವರನ್ನು ಶಾಲೆಗೆ ಕರೆಯಲಿಲ್ಲ. ತಾಯಿಯನ್ನು ಕರೆದುಕೊಂಡು ಸೇಡಂ ಕಡೆ ಹೊರಟುಹೋದರು. ಹೋಗುವಾಗ ಆ ಚಿತ್ರ ನನ್ನ ಕೈಗಿಟ್ಟು, ಸೌಟು ಕೇಳಿ ಒಯ್ದರು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ... ಕೊನೆಗೊಮ್ಮೆ ಮುಖ ನೋಡಲೂ ಆಗಲಿಲ್ಲ. ಆ ಸಂಕಟ ಇನ್ನೂ ಇದೆ.

ಕಿಟಕಿ ಮುಗಿಸಿದ ಪೇಂಟರ್ ಒಳಗಿನ ಗೋಡೆಗೆ ನಾನು ತೂಗುಹಾಕಿದ್ದ ಆ ಚಿತ್ರದತ್ತ ಬಗ್ಗಿ ನೋಡಿದ.

"ಅಮ್ಮಾ, ಎಲಿ ಬಣ್ಣ ಹಾರಿ ಹೋಗ್ಯಾದ. ಡಬ್ಬ್ಯಾಗ ಹಸರ ಉಳದದ, ಹಚ್ಚಿ ಕೊಡ್ಲೇನ್ರಿ?"

"ಮೊದಲ ಗಿಡಾ ತೊಳದು ಬಾ" ಎಂದೆ.

ಅವನು ಮಿಕಮಿಕ ನೋಡಿದ. ನಾನು ಜೋರಾಗಿ ನಕ್ಕೆ. ಗೋಡೆಯ ಆ ಕಡೆಯಿಂದ ಯಾರೂ ನಗಲಿಲ್ಲ.