ಥರ್ಮಾಕೋಲ್ ಪೆಟ್ಟಿಗೆಯ ಶುಂಠಿ

ಶುಂಠಿ ಬೇರಲ್ಲ, ಕಾಂಡ ಎಂದು ಮೂವತ್ತು ವರ್ಷ ಹೊನ್ನಾವರದ ಆಸುಪಾಸಿನ ಮಕ್ಕಳಿಗೆ ಕಲಿಸಿದವನು ನಾನು. ಹಲಗೆಯ ಮೇಲೆ ಚಿತ್ರ ಬರೆದು ಅದರ ಕಣ್ಣುಗಳನ್ನೂ ಗುರುತಿಸುತ್ತಿದ್ದೆ. ಆದರೆ ಆ ಕಣ್ಣು ಚಿಗುರೊಡೆದದ್ದನ್ನು ಒಮ್ಮೆಯೂ ಕಂಡವನಲ್ಲ. ನಿವೃತ್ತನಾದ ಎರಡನೆಯ ಬೇಸಿಗೆಯಲ್ಲಿ, ಕುಮಟಾ ಸಂತೆಯಿಂದ ತಂದ ಶುಂಠಿಯೊಂದು ಅಡುಗೆಮನೆಯ ಬುಟ್ಟಿಯಲ್ಲೇ ಹಳದಿ ಮೊಳಕೆ ತೋರಿಸಿತು. ಜಜ್ಜಲು ಹೊರಟಿದ್ದ ಹೆಂಡತಿಯ ಕೈಯಿಂದ ಅದನ್ನು ಬಿಡಿಸಿಕೊಂಡು, ಇನ್ನು ಈ ಮನೆಯ ಶುಂಠಿ ಈ ಮನೆಯಲ್ಲೇ ಬೆಳೆಯತಕ್ಕದ್ದು ಎಂದು ಘೋಷಿಸಿದೆ.

ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು. ಅಂಗಡಿ ಶುಂಠಿ ನೆಟ್ಟರೆ ಬರುವುದಿಲ್ಲ, ಅದನ್ನು ತೊಳೆದು ತಿಕ್ಕಿ ಜೀವ ತೆಗೆದೇ ಮಾರುತ್ತಾರೆ ಎಂಬುದು ಅವಳ ವಾದ. ನಾನು ಕಾಂಡದ ಪಾಠ ತೆಗೆದೆ. ಅವಳು ಅರ್ಧಕ್ಕೇ ತಡೆದಳು.

"ಮುರುಗಲು ಹಣ್ಣಾಗೂವರೆಗೆ ನೋಡ್ತೆ. ಅಷ್ಟ್ರಲ್ಲಿ ಚಿಗುರಲಿಲ್ಲ ಅಂದ್ರೆ ಅಗೆದು ಸಾರಿಗೆ ಹಾಕ್ತೆ. ಆತಾ?"

ಆತು ಎಂದೆ. ಪಣಕ್ಕೆ ಬಿದ್ದದ್ದು ಒಂದು ತುಂಡು ಶುಂಠಿಯಲ್ಲ, ನನ್ನ ಮೂವತ್ತು ವರ್ಷದ ಪಾಠ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮೊದಲು ಸ್ಥಳಾನ್ವೇಷಣೆ ನಡೆಯಿತು. ಅಡುಗೆಮನೆಯ ಹಿಂದಿನ ಕಟ್ಟೆಗೆ ದಿನವಿಡೀ ಬಿಸಿಲು. ವರ್ಷವರ್ಷವೂ ಹೆಂಡತಿ ಸಾರಿನ ಹುಳಿಗೆಂದು ಮುರುಗಲು ಹಣ್ಣಿನ ಸಿಪ್ಪೆ ಒಣಗಿಸುವುದು ಅಲ್ಲೇ, ಅಂದಮೇಲೆ ಅದಕ್ಕಿಂತ ಶ್ರೇಷ್ಠ ಜಾಗ ಇನ್ನೊಂದಿಲ್ಲ ಎಂದು ತೀರ್ಮಾನಿಸಿದೆ. ದಿನಾ ಮನೆ ಬಾಗಿಲಿಗೆ ಮೀನು ಮಾರಲು ಬರುವ ಅಕ್ಕ, ಐಸು ತುಂಬುವ ಹಳೆಯ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ದಾನ ಮಾಡಿದಳು. ಮೂರು ಸಲ ತೊಳೆದರೂ ಊರಿನ ಬೆಕ್ಕುಗಳು ಅದರ ಮೂಲವನ್ನು ಮರೆಯಲಿಲ್ಲ. ತಳಕ್ಕೆ ತೂತು ಕೊರೆದು ಕೆಂಪು ಮಣ್ಣು, ಸೆಗಣಿ ಗೊಬ್ಬರ, ತರಗೆಲೆ ತುಂಬಿಸಿದೆ. ಶುಂಠಿಯನ್ನು ಐದು ತುಂಡು ಮಾಡಿ, ಕೊಯ್ದ ಬಾಯಿಗೆ ಬೂದಿ ಸವರಿ, ಎರಡು ದಿನ ಆರಲು ಬಿಟ್ಟು, ಕಣ್ಣು ಮೇಲಾಗಿ ಮಲಗಿಸಿ ಮಣ್ಣು ಮುಚ್ಚಿದೆ. ಶಾಸ್ತ್ರಕ್ಕೆ ಎಲ್ಲೂ ಲೋಪವಾಗಲಿಲ್ಲ.

ಲೋಪವಾದದ್ದು ಆಮೇಲೆ. ನಮ್ಮ ಕಡೆಯವರಿಗೆ ಕಿವಿರು ಎತ್ತಿ ನೋಡದೆ ಯಾವುದನ್ನೂ ನಂಬುವ ಅಭ್ಯಾಸವಿಲ್ಲ. ಕೆಂಪಗಿದ್ದರೆ ಮೀನು ತಾಜಾ, ಇಲ್ಲದಿದ್ದರೆ ಮುಂದಿನ ಬುಟ್ಟಿ. ಹೀಗೆ ಬೆಳೆದ ಬೆರಳು ಮಣ್ಣಿನಡಿ ಇರುವುದನ್ನು ಸುಮ್ಮನೆ ಬಿಟ್ಟೀತೇ? ಬೆಳಿಗ್ಗೆ ಚಹಾ ಕುಡಿದ ಕೂಡಲೇ ಹಳೆಯ ಚಮಚ ಹಿಡಿದು ತಪಾಸಣೆಗೆ ಹೊರಡುತ್ತಿದ್ದೆ. ಒಂದೊಂದೇ ತುಂಡನ್ನು ಎತ್ತಿ, ತಿರುವಿ, ಮೂಸಿ, ಪುನಃ ಮಲಗಿಸುತ್ತಿದ್ದೆ. ಹನ್ನೆರಡನೆಯ ದಿನ, ಇಡೀ ಸಾಹಸಕ್ಕೆ ಕಾರಣವಾದ ಆ ಹಳದಿ ಮೊಳಕೆ ನನ್ನ ಹೆಬ್ಬೆರಳಿಗೆ ತಾಗಿ ಟಕ್ಕೆಂದು ಮುರಿಯಿತು.

ಮೀನು ಬುಟ್ಟಿ ಇಳಿಸುತ್ತಿದ್ದ ಅಕ್ಕ ಅದನ್ನು ನೋಡಿಬಿಟ್ಟಳು.

"ಮಾಸ್ತರ್ರೇ, ಅದು ಎಂತ ಬಂಗುಡೆಯಾ, ದಿನಾ ಕಿವಿರು ಎತ್ತಿ ನೋಡೂಕೆ? ಮೀನು ಸತ್ತದ್ದು, ಇದು ಜೀವ ಇದ್ದದ್ದು. ಅದ್ರ ಪಾಡಿಗೆ ಬಿಡಿ."

ಹೆಂಡತಿ ಕೈ ಚಾಚಿದಳು. ಚಮಚವನ್ನು ಒಪ್ಪಿಸಿದೆ.

ಮೇ ತಿಂಗಳ ಕೊನೆಗೆ ಮುರುಗಲು ಹಣ್ಣಾಯಿತು. ಪೆಟ್ಟಿಗೆಯಲ್ಲಿ ಮಣ್ಣು ಬಿಟ್ಟರೆ ಬೇರೆ ಪ್ರಗತಿಯಿರಲಿಲ್ಲ. ಹೆಂಡತಿ ಸಿಪ್ಪೆಯ ಮೊರ ಹಿಡಿದು ಕಟ್ಟೆಗೆ ಬಂದಳು, ಪೆಟ್ಟಿಗೆಯನ್ನು ಎತ್ತಿ ಪಪ್ಪಾಯಿ ಗಿಡದ ನೆರಳಿಗೆ ಸರಿಸಿದಳು. ಮೀನು ಬಂದ ದಿನ ಅಗೆಯುವುದೆಂದು ತೀರ್ಪಾಯಿತು. ನನಗೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಆದರೆ ಮೀನು ಬರಲಿಲ್ಲ. ಕಡಲು ಕೆಟ್ಟಿತು, ಆಮೇಲೆ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟುಗಳು ದಡ ಸೇರಿದವು. ಮನೆಯಲ್ಲಿ ಒಣಮೀನಿನ ಚಟ್ನಿಯ ಆಡಳಿತ ಶುರುವಾಯಿತು. ಅದಕ್ಕೆ ಶುಂಠಿ ಬೇಡ. ಕಡಲು ನನ್ನ ಪಾಠದ ಪರ ನಿಂತಿತೆಂದು ನಾನು ಮನಸ್ಸಿನಲ್ಲೇ ದಾಖಲಿಸಿಕೊಂಡೆ.

ಮಳೆ ಹಿಡಿದು ಎಂಟು ದಿನವಾಗಿತ್ತು. ಹಿತ್ತಲಿಂದ ಹೆಂಡತಿ ಕರೆದಳು. ಮಣ್ಣಿನಿಂದ ಎರಡು ಹಸಿರು ಸೂಜಿ ಎದ್ದಿದ್ದವು. ಬಿಸಿಲಿಗಿಂತ ನೆರಳು ಹಿಡಿಸಿತೋ, ನನ್ನ ಕೈ ತಪ್ಪಿದ್ದು ಹಿಡಿಸಿತೋ, ಶುಂಠಿ ವಿವರಣೆ ಕೊಡಲಿಲ್ಲ. ನಾನು ಬಾಗಿದೆ. ಅವಳು ನನ್ನ ಅಂಗಿಯ ಚುಂಗು ಹಿಡಿದುಕೊಂಡಳು.

ನಾಲ್ಕು ದಿನ ಕಳೆದು, ಪಾತಿ ದೋಣಿಯವರು ಹೊಳೆಯಲ್ಲಿ ಹಿಡಿದ ಒಂದಿಷ್ಟು ಮೀನನ್ನು ಅಕ್ಕ ತಂದಳು. ಸಾರಿಗೆ ಮಸಾಲೆ ಅರೆಯುವ ಸದ್ದು ಕೇಳಿ ನಾನು ಪೆಟ್ಟಿಗೆಯ ಮುಂದೆ ಹೋಗಿ ನಿಂತೆ, ಕಾವಲಿಗೆ. ಹೆಂಡತಿ ಕೊಡೆಯೊಂದಿಗೆ ಬಂದಳು.

"ಅಲ್ಲಿ ಎಂತ ನಿಂತ್ಕೊಂಡ್ರಿ? ಅಂಗಡಿಗೆ ಹೋಗಿ ಶುಂಠಿ ತನ್ನಿ. ಇದಕ್ಕೆ ಯಾರೂ ಕೈ ಹಾಕೂಕಿಲ್ಲ."

ಕೊಡೆ ಬಿಚ್ಚಿ ಹೊರಟೆ.