ಅರ್ಜಿ ಚೌಡಯ್ಯನಿಗೆ ಬಂದ ಅರ್ಜಿ

ನಾಗಮಂಗಲದ ತಾಲ್ಲೂಕು ಕಚೇರಿಯ ಆವರಣದಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ಒಂದು ತುಕ್ಕು ಹಿಡಿದ ಟ್ರಂಕು, ಟ್ರಂಕಿನ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತ ಚೌಡಯ್ಯ. ಇಪ್ಪತ್ತೆಂಟು ವರ್ಷದಿಂದ ಅವನು ಅಲ್ಲೇ ಕೂತು ಹಳ್ಳಿಯವರ ಅರ್ಜಿ ಬರೆಯುತ್ತಿದ್ದ. ಎಷ್ಟೋ ಸಾಹೇಬರು ಬಂದು ವರ್ಗವಾಗಿ ಹೋದರು, ಚೌಡಯ್ಯ ಮಾತ್ರ ಜಾಗ ಬಿಟ್ಟು ಅಲುಗಲಿಲ್ಲ. ಸುತ್ತಮುತ್ತಲಿನ ಜನ ಅವನನ್ನು ಅರ್ಜಿ ಚೌಡಯ್ಯ ಅಂತಲೇ ಕರೆಯುತ್ತಿದ್ದರು.

ಅವನ ಹೆಚ್ಚುಗಾರಿಕೆ ಇದ್ದದ್ದು ಬರವಣಿಗೆಯಲ್ಲಲ್ಲ, ಓದುವುದರಲ್ಲಿ. ಬಂದವನು ತನ್ನ ತಾತನ ಕಾಲದಿಂದ ಕತೆ ಶುರುಮಾಡಿ, ಹೊಲಕ್ಕೆ ಹೋಗುವ ದಾರಿ ಮುಚ್ಚಿಬಿಟ್ಟರು ಅಂತ ಗೋಳಾಡುತ್ತಿದ್ದರೆ, ಇವನಿಗೆ ಬೇಕಾದ್ದು ದಾರಿಯಲ್ಲ, ಪಕ್ಕದ ಹೊಲದವನ ಮುಖಭಂಗ ಅನ್ನುವುದು ಚೌಡಯ್ಯನಿಗೆ ಎಲೆಅಡಿಕೆ ಉಗಿಯುವುದರೊಳಗೆ ತಿಳಿದುಬಿಡುತ್ತಿತ್ತು. ಕಚೇರಿಯಿಂದ ಬಂದ ಉತ್ತರಗಳನ್ನೂ ಹಾಗೆಯೇ ಬಿಡಿಸಿ ಹೇಳುತ್ತಿದ್ದ. 'ಪರಿಶೀಲಿಸಲಾಗುವುದು' ಅಂತಿದ್ದರೆ ಮನೆಗೆ ಹೋಗಿ ಹೊದ್ದು ಮಲಗು. 'ಶೀಘ್ರದಲ್ಲೇ' ಅಂತಿದ್ದರೆ ಬರುವ ವರ್ಷ ಬಾ. ಬರೀ ಒಂದು ಸಹಿ, ಒಂದು ತಾರೀಖು ಇದ್ದರೆ ಕೆಲಸ ಆಯಿತು ಅಂತ ತಿಳಿ. ಊರವರ ಸ್ವಂತ ಕಾಗದಗಳೂ ಅವನ ಹತ್ತಿರ ಬರುತ್ತಿದ್ದವು. ಅಳಿಯ ಬರೆದ ನಾಲ್ಕು ಸಾಲಿನಲ್ಲಿ ಸಿಟ್ಟು ಎಲ್ಲಿದೆ, ಆಸೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿಬಿಡುತ್ತಿದ್ದ. ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅವನಿಗೂ ಆ ಬಗ್ಗೆ ಸ್ವಲ್ಪ ಜಂಬ ಇತ್ತು, ಇಲ್ಲವೆನ್ನಲಾಗದು.

ಬರೆಯುವುದಕ್ಕೆ ಕೂತರೆ ಮಾತ್ರ ಅವನದು ಒಂದೇ ಒಕ್ಕಣೆ. 'ಕಡುಬಡವನೂ ದಿಕ್ಕಿಲ್ಲದವನೂ ಆದ ನಾನು ತಮ್ಮ ಪಾದಾರವಿಂದಗಳಲ್ಲಿ ಬೇಡಿಕೊಳ್ಳುವುದೇನೆಂದರೆ.' ಇನ್ನೂರು ತೆಂಗಿನ ಮರ, ಒಂದು ಟ್ರಾಕ್ಟರು ಇದ್ದವನೂ ಚೌಡಯ್ಯನ ಲೇಖನಿಗೆ ಸಿಕ್ಕಿದ ಕೂಡಲೇ ದಿಕ್ಕಿಲ್ಲದವನಾಗಿಬಿಡುತ್ತಿದ್ದ.

ಇದೇ ಒಕ್ಕಣೆ ಅಪ್ಪ ಮಗಳನ್ನು ದೂರ ಮಾಡಿದ್ದು. ಒಬ್ಬಳೇ ಮಗಳು ಪ್ರಮೀಳಾ. ಹತ್ತು ವರ್ಷದವಳಿದ್ದಾಗಿನಿಂದ ರಜಾ ದಿನ ಟ್ರಂಕಿನ ಪಕ್ಕ ಕೂತು ನಕಲು ಬರೆಯುತ್ತಿದ್ದಳು. ಹಾಳೆ ಹಿಡಿಯುವುದನ್ನು, ವಿಷಯದ ಸಾಲು ಬರೆಯುವುದನ್ನು ಅವನೇ ಕಲಿಸಿದ್ದ. ಎಡಗಡೆ ಕಾಲು ಹಾಳೆ ಮಡಿಸಿ ಖಾಲಿ ಬಿಡಬೇಕು, ಸಾಹೇಬರು ತಮ್ಮ ಆಜ್ಞೆ ಬರೆಯುವುದು ಅಲ್ಲಿ, ಅದಕ್ಕೆ ಷರಾ ಅಂತಾರೆ ಅಂತ ಹೇಳಿಕೊಟ್ಟಿದ್ದ. "ಬಯ್ಯಕ್ಕೆ ಬರ್ಯೋನು ಅಂಚಿಂದ ಅಂಚಿಗೆ ಗೀಚ್ತಾನೆ ಕಣವ್ವ. ಉತ್ರ ಬೇಕು ಅನ್ನೋನು ಜಾಗ ಬುಡ್ತಾನೆ" ಅಂದಿದ್ದ. ಹುಡುಗಿ ಎಲ್ಲವನ್ನೂ ಕಲಿತಳು, ಬೇಡಿಕೊಳ್ಳುವುದೊಂದನ್ನು ಬಿಟ್ಟು. ಪಿಯುಸಿ ಮುಗಿಸಿದ ವರ್ಷ ಚಿಕ್ಕಬೋರಮ್ಮ ಅನ್ನುವ ವಿಧವೆಗೆ ಪಿಂಚಣಿ ಅರ್ಜಿ ಬರೆದುಕೊಟ್ಟಳು. ಐದೇ ಸಾಲು. ಗಂಡ ಸತ್ತ ತಾರೀಖು, ಇವಳ ವಯಸ್ಸು, ಪಿಂಚಣಿ ಕೊಡಬೇಕು. ಪಾದವೂ ಇಲ್ಲ, ಅರವಿಂದವೂ ಇಲ್ಲ. ಅರ್ಜಿ ಮಂಜೂರಾಯಿತು. ಆಮೇಲೆ ಬಂದವರೆಲ್ಲ "ನಿಮ್ಮ ಮಗಳ ಕೈಲೇ ಬರ್ಸಿ ಚೌಡಯ್ಯ" ಅನ್ನತೊಡಗಿದರು.

ಚೌಡಯ್ಯನ ಹೊಟ್ಟೆಗೆ ಬೆಂಕಿ ಬಿತ್ತು. ಒಂದು ದಿನ ನಾಲ್ಕು ಜನರ ಮುಂದೆಯೇ ಕೂಗಾಡಿದ. "ನನ್ನ ಒಕ್ಕಣೆ ಬ್ಯಾಡವಾದೋಳು ನನ್ನತ್ರ ಏನೂ ಕೇಳಬ್ಯಾಡ. ಕೇಳ್ಬೇಕು ಅಂದ್ರೆ ನೀನೂ ಒಂದು ಅರ್ಜಿ ಹಾಕು!" ಪ್ರಮೀಳಾ ಎದ್ದು ಹೋದಳು. ಅಪ್ಪನದೇ ಮೊಂಡುತನ, ಮಗಳಿಗೂ ಬಂದಿತ್ತು. ಆರು ತಿಂಗಳಲ್ಲಿ ಸಿಂಧಘಟ್ಟದ ಮಹದೇವಸ್ವಾಮಿಗೆ ಕೊಟ್ಟು ಮದುವೆ ಮಾಡಿದರು, ಊಟ, ವಾಲಗ ಎಲ್ಲ ಚೆನ್ನಾಗಿಯೇ ಆಯಿತು. ಅಪ್ಪ ಮಗಳ ನಡುವೆ ಮಾತಿಲ್ಲ. ಹಬ್ಬಕ್ಕೆ ಬಂದಾಗಲೂ ತಾಯಿ ಮಂಗಳಮ್ಮನ ಮೂಲಕವೇ ಎಲ್ಲ. "ಅಪ್ಪಂಗೆ ಕಾಪಿ ಬೇಕಾ ಕೇಳವ್ವ." "ಬ್ಯಾಡ ಅನ್ನೇ." ಹೀಗೇ ಎರಡು ವರ್ಷ ಕಳೆಯಿತು.

ಪ್ರಮೀಳಾ ಬಸುರಿಯಾದಳು. ಮಂಗಳಮ್ಮ ತನ್ನ ತಮ್ಮನ ಜೊತೆ ಹೋಗಿ ಮಡಿಲು ತುಂಬಿ ಬಂದಳು. ಚೊಚ್ಚಲ ಹೆರಿಗೆ, ತವರಿಗೆ ಕರೆತರಬೇಕು. "ಅವ್ಳು ನನ್ ಜೊತೆ ಬರಾಕಿಲ್ಲ ಅಂದ್ಲು ಕಣಿ. ಕರ್ಯೋರು ಬಂದು ಕರೀಲಿ ಅಂದ್ಲು. ನೀವೇ ಹೋಗ್ಬೇಕು" ಅಂತ ಗಂಡನಿಗೆ ಹೇಳಿದಳು. ಚೌಡಯ್ಯ "ಬೇಕಾದೋರು ಕೇಳ್ಲಿ" ಅಂದು ಟವೆಲ್ಲು ಕೊಡವಿ ಎದ್ದುಬಿಟ್ಟ.

ತೊಂಬತ್ತಾರನೇ ಇಸವಿ ಫೆಬ್ರವರಿ ಹನ್ನೆರಡನೇ ತಾರೀಖು, ಸೋಮವಾರ. ಪೋಸ್ಟಿನವನು ಹೊಂಗೆ ಮರದ ಕೆಳಗೆ ಒಂದು ಉದ್ದನೆಯ ಕವರು ಕೊಟ್ಟು ಹೋದ. ಒಳಗೆ ಒಂದೇ ಹಾಳೆ. ಅಕ್ಷರ ನೋಡಿದ ಕೂಡಲೇ ಮಗಳದು ಅಂತ ಚೌಡಯ್ಯನಿಗೆ ತಿಳಿಯಿತು.

'ಇವರಿಗೆ, ಶ್ರೀ ಚೌಡಯ್ಯನವರು, ಅರ್ಜಿ ಬರಹಗಾರರು, ನಾಗಮಂಗಲ. ಇವರಿಂದ, ಪ್ರಮೀಳಾ ಕೋಂ ಮಹದೇವಸ್ವಾಮಿ, ಸಿಂಧಘಟ್ಟ, ಕೆ.ಆರ್.ಪೇಟೆ ತಾಲ್ಲೂಕು. ಮಾನ್ಯರೇ, ವಿಷಯ: ಚೊಚ್ಚಲ ಹೆರಿಗೆಯ ಬಗ್ಗೆ. ನನಗೆ ಏಳು ತಿಂಗಳು ತುಂಬಿದೆ. ಮೊದಲ ಹೆರಿಗೆ ತವರಿನಲ್ಲಿ ಆಗುವುದು ಪದ್ಧತಿ. ತಮ್ಮ ಮನೆಯಲ್ಲಿ ಬಾಣಂತನ ಮುಗಿಯುವ ತನಕ ಇರಲು ಅನುಮತಿ ಬೇಕಾಗಿದೆ. ಇದೇ ತಿಂಗಳು ಹದಿನಾರರ ಒಳಗೆ ತಮ್ಮ ತೀರ್ಮಾನ ತಿಳಿಯದಿದ್ದಲ್ಲಿ ಇಲ್ಲಿಯೇ ಏರ್ಪಾಡು ಮಾಡಿಕೊಳ್ಳಲಾಗುವುದು. ಇತಿ, ಪ್ರಮೀಳಾ.'

ಚೌಡಯ್ಯ ಮೂರು ಸಲ ಓದಿದ. ಊರಿನ ಕಾಗದಗಳನ್ನೆಲ್ಲ ನೀರು ಕುಡಿದಂತೆ ಓದಿದವನಿಗೆ ಇದರ ತಲೆ ಬುಡ ತಿಳಿಯಲಿಲ್ಲ. ಅಣಕಿಸುತ್ತಿದ್ದಾಳೋ? 'ಮಾನ್ಯರೇ' ಅಂತ ಓದಿದಾಗ ಹಾಗೇ ಅನಿಸಿತು. ಸಿಟ್ಟೋ? ಗಂಡನ ಹೆಸರು ಹಾಕಿದ್ದಾಳೆ, ಅಪ್ಪ ಅನ್ನುವ ಮಾತು ಹುಡುಕಿದರೂ ಇಲ್ಲ. ಹಾಗಾದರೆ ಬರುವುದೇ ಬೇಡ ಅಂತಲೋ? ಬೇಡ ಅನ್ನುವವಳು ಯಾಕೆ ಬರೆದಾಳು? ಬರೆದಳು ಅಂದರೆ ಬೇಕು ಅಂತ. ಬೇಕು ಅನ್ನುವವಳು ಒಂದು ಸಲವಾದರೂ 'ದಯವಿಟ್ಟು' ಅನ್ನಬೇಡವೇ? ಇಪ್ಪತ್ತೆಂಟು ವರ್ಷ ಬೇಡಿಕೊಳ್ಳುವ ಕಾಗದಗಳನ್ನೇ ಬರೆದ ಆಸಾಮಿ, ಬೇಡಿಕೊಳ್ಳದೆ ಕೇಳಿದರೆ ಅದನ್ನು ಕೇಳಿದ್ದು ಅಂತ ಓದಲು ಅವನಿಗೆ ಬರುತ್ತಿರಲಿಲ್ಲ.

ಪಕ್ಕದಲ್ಲೇ ಛಾಪಾ ಕಾಗದ ಮಾರುತ್ತಿದ್ದ ಕೆಂಪಣ್ಣನಿಗೆ ತೋರಿಸಿದ. ಕೆಂಪಣ್ಣ ಕನ್ನಡಕ ಏರಿಸಿ ಓದಿ ತೊಡೆ ತಟ್ಟಿಕೊಂಡ. "ನೋಟೀಸು ಕಣ್ಲಾ ಚೌಡ ಇದು! 'ಏರ್ಪಾಡು ಮಾಡಿಕೊಳ್ಳಲಾಗುವುದು' ಅಂದ್ರೆ ಏನ್ಲಾ? ನಿನ್ ಮಕಕ್ಕೆ ಬಾಗ್ಲು ಆಕ್ಬುಟ್ಲು ಅಂತ."

"ಅನುಮತಿ ಬೇಕಾಗಿದೆ ಅಂತ ಬರ್ದವ್ಳಲ್ಲೋ?"

"ನೋಟೀಸಲ್ಲಿ ಅಂಗೇ ಬರ್ಯೋದು ಕಣ್ಲಾ. ಮೊದ್ಲು ಮರ್ಯಾದಿ, ಆಮ್ಯಾಲೆ ಗುದ್ದು."

ಚೌಡಯ್ಯನಿಗೆ ಅದೂ ಸರಿ ಅನಿಸಿತು, ಅದು ಸರಿಯಲ್ಲ ಅಂತಲೂ ಅನಿಸಿತು. ಆ ದಿನ ಬರೆದ ಎರಡು ಅರ್ಜಿಯಲ್ಲಿ ಒಂದಕ್ಕೆ ಇನ್ನೊಂದರ ವಿಷಯ ಬರೆದುಬಿಟ್ಟ. ಅವನ ಜೀವಮಾನದಲ್ಲಿ ಹಾಗೆ ಆಗಿರಲಿಲ್ಲ.

ಮಾರನೆಯ ದಿನ ಚಿಕ್ಕಬೋರಮ್ಮ ಸಿಕ್ಕಿದಳು, ಅದೇ ಪಿಂಚಣಿಯ ಮುದುಕಿ. ಪ್ರಮೀಳಾ ಹೇಗಿದ್ದಾಳೆ ಅಂತ ವಿಚಾರಿಸಿದಳು. ಚೌಡಯ್ಯ ಕಾಗದ ತೆಗೆದು ಜೋರಾಗಿ ಓದಿ ಹೇಳಿದ. ಓದಿ ಮುಗಿಸುವಾಗ ಅವನ ಕತ್ತಿನ ನರಗಳು ಉಬ್ಬಿದ್ದವು.

"ಶಾನೆ ಕ್ವಾಪ ಕೇಳುಸ್ತದಲ್ಲಪ್ಪ" ಅಂದಳು ಮುದುಕಿ.

"ನಾನೂ ಅದ್ನೇ ಅಂದಿದ್ದು!"

"ಅಲ್ಲಪ್ಪ, ಓದಿದ್ದು ನೀನು. ಕ್ವಾಪ ಕಾಗ್ದದ್ದೋ, ನಿಂದೋ? ನನ್ ಅರ್ಜೀನೂ ಇಂಗೇ ಬರ್ದಿದ್ಲು ನಿನ್ ಮಗಳು. ಓದಿ ಏಳ್ದಾಗ ಅವ್ಳ ಬಾಯಲ್ಲಿ ಕ್ವಾಪವೇ ಇರ್ನಿಲ್ಲ."

ಚೌಡಯ್ಯ ಕಾಗದ ಮಡಿಸಿ ಜೇಬಿಗಿಟ್ಟ. ಹಾಗಾದರೆ ಇಷ್ಟು ವರ್ಷ ಊರವರ ಕಾಗದಗಳಲ್ಲಿ ತಾನು ತೋರಿಸಿದ ಸಿಟ್ಟು, ಆಸೆ, ಅವೆಲ್ಲ ಕಾಗದದಲ್ಲೇ ಇದ್ದವೋ, ತನ್ನ ಗಂಟಲಿನವೋ? ಯಾರ ಮನೆಯಲ್ಲಿ ಯಾರ ಮೇಲೆ ಇಲ್ಲದ ಸಿಟ್ಟು ಹುಟ್ಟಿಸಿದೆನೋ ಅಂತ ಹೆದರಿಕೆಯೇ ಆಯಿತು.

ಬುಧವಾರದ ತನಕ ಹೆಂಡತಿಗೆ ಹೇಳಿರಲಿಲ್ಲ. ಆ ಸಂಜೆ ಒಲೆ ಮುಂದೆ ಕೂತಿದ್ದ ಮಂಗಳಮ್ಮನಿಗೆ ಓದಿ ಹೇಳಿದ, ಈ ಸಲ ರೇಡಿಯೋದಲ್ಲಿ ಪೇಟೆ ಧಾರಣೆ ಓದುವವರ ಹಾಗೆ, ಏರೂ ಇಲ್ಲದೆ ಇಳಿವೂ ಇಲ್ಲದೆ. ಎರಡನೇ ಸಾಲಿಗೇ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಏನಂದ್ಲು ಅಂತ ಅಳ್ತೀಯೆ? ಇನ್ನೂ ಕೋರಿಕೆಗೇ ಬಂದಿಲ್ಲ!"

"ಏಳು ತಿಂಗ್ಳು ತುಂಬ್ಯದೆ ಅಂದ್ಲಲ್ಲ."

"ಅದು ವಿವರ ಕಣೆ! ಎಲ್ಲಾ ಅರ್ಜೀಲೂ ವಿವರ ಇರ್ತದೆ!"

"ನಿಮ್ಗೆ ಅದು ವಿವರ" ಅಂದು ಮಂಗಳಮ್ಮ ಮುದ್ದೆ ಕೋಲು ಕೈಗೆತ್ತಿಕೊಂಡಳು. ಒಬ್ಬ ನೋಟೀಸು ಅಂದ, ಒಬ್ಬಳು ಕೋಪ ನಿನ್ನದು ಅಂದಳು, ಒಬ್ಬಳು ಅತ್ತಳು. ಕಾಗದ ಒಂದೇ. ಚೌಡಯ್ಯ ಮುದ್ದೆ ಮುರಿದು ಸಾರಿಗೆ ಅದ್ದುವುದರ ಬದಲು ನೀರಿನ ಲೋಟಕ್ಕೆ ಅದ್ದಿದ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಯಾರೋ ಖಾತೆ ಬದಲಾವಣೆಗೆ ಬಂದರು. ಚೌಡಯ್ಯ ಟ್ರಂಕಿನಿಂದ ಹೊಸ ಹಾಳೆ ತೆಗೆದ. ಅವನ ಬೆರಳುಗಳು ಅವನನ್ನು ಕೇಳದೆಯೇ ಎಡಗಡೆಯ ಕಾಲು ಭಾಗ ಮಡಿಸಿ ಉಗುರಿನಿಂದ ಗೀರಿದವು. ಗೀರಿದ ಕೈ ಅಲ್ಲೇ ನಿಂತಿತು. ಜೇಬಿನಿಂದ ಮಗಳ ಕಾಗದ ತೆಗೆದು ತೊಡೆಯ ಮೇಲೆ ಬಿಡಿಸಿದ. ನಾಲ್ಕು ದಿನದಿಂದ ಆ ಹಾಳೆಯ ಮೇಲೆ ಮೇಲಿನಿಂದ ಕೆಳಗೆ ಒಂದು ಗೀರು ಇತ್ತು. ಕವರಿಗೆ ಹಾಕಲು ಮಡಿಸಿದ್ದು ಅಂತ ಅವನು ಗಮನಿಸಿಯೇ ಇರಲಿಲ್ಲ. ಕವರಿನ ಮಡಿಕೆಗಳು ಅಡ್ಡಡ್ಡ ಇದ್ದವು. ಇದು ನೆಟ್ಟಗಿತ್ತು, ಎಡಗಡೆ, ಸರಿಯಾಗಿ ಕಾಲು ಭಾಗಕ್ಕೆ, ಉಗುರಿನಿಂದ ಗೀರಿದ್ದು. ಅದರ ಆಚೆ ಒಂದು ಅಕ್ಷರವೂ ಇರಲಿಲ್ಲ.

ಜಾಗ ಬಿಟ್ಟಿದ್ದಾಳೆ. ಉತ್ತರಕ್ಕೆ ಜಾಗ ಬಿಟ್ಟಿದ್ದಾಳೆ!

ಚೌಡಯ್ಯನ ಕಣ್ಣು ತುಂಬಿಬಿಟ್ಟಿತು. ಅಣಕಿಸುವುದಕ್ಕೆ ಬರೆದಿದ್ದರೆ, ಬಾಗಿಲು ಹಾಕುವುದಕ್ಕೆ ಬರೆದಿದ್ದರೆ ಈ ಜಾಗ ಯಾಕೆ? ತಾರೀಖು ನೆನಪಾಯಿತು. ನಾಳೆಯೇ ಹದಿನಾರು. ಪೋಸ್ಟಿಗೆ ಹಾಕಿದರೆ ತಲುಪುವುದಿಲ್ಲ.

"ಯಾಕೆ ಚೌಡಯ್ಯ, ಬರೀರಿ" ಅಂದ ಖಾತೆಯವನು.

"ನಾಳಿದ್ದು ಬಾರಪ್ಪ. ಇವತ್ತು ನನ್ ಅರ್ಜಿ ಅದೆ" ಅಂದ ಚೌಡಯ್ಯ.

ಲೇಖನಿ ಹಿಡಿದ. ಸಾವಿರಾರು ಹಾಳೆಗಳಲ್ಲಿ ಸಾಹೇಬರಿಗೆ ಅಂತ ಬಿಟ್ಟ ಜಾಗ, ತಾನು ಒಂದು ಚುಕ್ಕೆಯನ್ನೂ ಇಡದ ಜಾಗ. ಮಂಜೂರು ಅಂತ ಬರೆಯೋಣ ಅಂದುಕೊಂಡ, ಕೈ ಬರಲಿಲ್ಲ. ತವರು ಮಂಜೂರು ಮಾಡಲು ತಾನ್ಯಾವ ಸಾಹೇಬ? ಕೊನೆಗೆ ಅವನಿಗೆ ಗೊತ್ತಿದ್ದ ಒಂದೇ ಒಕ್ಕಣೆಯಲ್ಲಿ ಏನೋ ಬರೆದು, ಒಂದು ಪದ ಹೊಡೆದು ಹಾಕಿ, ಟ್ರಂಕನ್ನು ಕೆಂಪಣ್ಣನಿಗೆ ಒಪ್ಪಿಸಿ ಬಸ್ಸಿಗೆ ಓಡಿದ. ಕೆ.ಆರ್.ಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವಾಗ ಮತ್ತೆ ಅನುಮಾನ ಶುರುವಾಯಿತು. ಅಭ್ಯಾಸಬಲದಿಂದ ಮಡಿಸಿರಬಹುದಲ್ಲ? ತನ್ನ ಬೆರಳು ಮಡಿಸುವಂತೆ ಅವಳ ಬೆರಳೂ ತಾನಾಗಿ ಮಡಿಸಿದ್ದರೆ? ಸಿಂಧಘಟ್ಟ ಬರುವ ತನಕ ಅವನು ಮೂರು ಸಲ ಇಳಿದುಬಿಡೋಣ ಅಂದುಕೊಂಡ.

ಪ್ರಮೀಳಾ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಅಪ್ಪನನ್ನು ಕಂಡು ಕಂಬ ಹಿಡಿದು ಎದ್ದಳು. ಅತ್ತೆ ಯಶೋದಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. ಚೌಡಯ್ಯ ಹಾಳೆ ಚಾಚಿದ. ಮಗಳು ತಾನು ಬರೆದದ್ದರ ಕಡೆ ಕಣ್ಣು ಹಾಯಿಸದೆ, ಅರ್ಜಿ ಹಾಕಿದವರೆಲ್ಲ ನೋಡುವಂತೆ ನೇರವಾಗಿ ಎಡಗಡೆಗೇ ನೋಡಿದಳು. ಆಮೇಲೆ ಏರೂ ಇಲ್ಲದೆ ಇಳಿವೂ ಇಲ್ಲದೆ ಓದಿದಳು.

"ದಿಕ್ಕಿಲ್ಲದವನೂ ಮೊಂಡನೂ ಆದ ಚೌಡಯ್ಯನು ಶ್ರೀಮತಿ ಪ್ರಮೀಳಾರವರಲ್ಲಿ ಬೇಡಿಕೊಳ್ಳುವುದೇನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ಇವತ್ತಿನ ಬಸ್ಸಿನಲ್ಲೇ ತವರಿಗೆ ಬರಬೇಕು." ಒಂದು ಕಡೆ ಬೆರಳಿಟ್ಟು ಕೇಳಿದಳು, "ಇಲ್ಲೇನೋ ಹೊಡ್ದಾಕಿದ್ದೀಯಲ್ಲ?"

"ಪಾದಾರವಿಂದ ಅಂತ ಬಂದ್ಬುಡ್ತು. ಮಕ್ಕಳಿಗೆ ಅಂಗೆ ಬರುದ್ರೆ ಆಯಸ್ಸಿಗೆ ಒಳ್ಳೇದಲ್ಲ ಅಂತ ಹೊಡ್ದಾಕ್ದೆ."

ಎರಡು ವರ್ಷದಲ್ಲಿ ಮಗಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಪ್ರಮೀಳಾ ಹಾಳೆಯನ್ನೇ ನೋಡುತ್ತಿದ್ದಳು. "ಇದ್ನ ನಗಾಡ್ತಾ ಬರ್ದ್ಯೋ, ಅಳ್ತಾ ಬರ್ದ್ಯೋ ಅಪ್ಪ? ನಂಗೆ ತಿಳೀತಿಲ್ಲ."

"ನಂಗೂ ತಿಳೀದು ಕಣವ್ವ. ನೀನು ಎಂಗೆ ಬರ್ದೆ?"

"ಹಾಳೆ ಮಡ್ಸುವಾಗ ಅಳು ಬಂತು. ಬರ್ಯಕ್ಕೆ ಸುರು ಮಾಡಿದ್ಮ್ಯಾಲೆ ಕ್ವಾಪ ಬಂತು. ಆಮ್ಯಾಕೆ ಓದಿ ನೋಡಿದ್ರೆ ನಂಗೇ ಗೊತ್ತಾಗ್ನಿಲ್ಲ."

ಬಾಗಿಲಲ್ಲಿದ್ದ ಯಶೋದಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. "ಏನು ಅಪ್ಪ ಮಗಳು ಕಾಗ್ದ ಹಿಡ್ಕಂಡು ನಿಂತ್ಬುಟ್ರಿ! ಬೀಗ್ರೇ, ಇತ್ತಗ್ ನೋಡಿ" ಅಂದು ಬಾಗಿಲನ್ನು ಸರಿಸಿದಳು. ಹಿಂದೆ ಗೋಡೆಗೆ ಒರಗಿಸಿ ಒಂದು ಬಟ್ಟೆ ಚೀಲ, ಮೇಲೆ ಹಳೇ ಸೀರೆಗಳ ಒಂದು ಗಂಟು. "ಕಾಗ್ದ ಪೋಸ್ಟ್ ಡಬ್ಬಕ್ಕೆ ಹಾಕಿದ್ ದಿನವೇ ಕಟ್ಟಿ ಇಟ್ಟವ್ಳೆ. ಕಸ ಗುಡ್ಸಕ್ಕೂ ಸರಿಸಾಕೆ ಬುಡಾಕಿಲ್ಲ."

ಚೌಡಯ್ಯ ಚೀಲ ನೋಡಿದ, ಮಗಳನ್ನು ನೋಡಿದ. ಇದನ್ನು ಓದಲು ಅವನಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಬಗ್ಗಿ ಗಂಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ಬಸ್ಸು ಎಷ್ಟೊತ್ಗೆ?" ಅಂತ ಬೀಗಿತ್ತಿಯನ್ನು ಕೇಳಿದ.